ಬೀಡಿ ಇಲ್ಲದೆ ಕೂತವನು

ಮಾದಾಪುರದ ಕಡೆಯ ಒಂದು ಕಾಫಿ ತೋಟದ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಆಸ್ಪತ್ರೆ ಎಂದರೆ ಎರಡು ಕೋಣೆ, ನಾಲ್ಕು ಮಂಚ, ಕ್ವಿನೈನ್ ಮಿಕ್ಸ್ಚರಿನ ಒಂದು ದೊಡ್ಡ ಜಾಡಿ. ಡಾಕ್ಟರು ಮಡಿಕೇರಿಯಲ್ಲಿ, ತೋಟದಲ್ಲಿ ನಾನೇ ಎಲ್ಲ. ಬ್ರಿಟಿಷರ ಕಾಲ. ಬಂಗಲೆಯಲ್ಲಿ ದೊರೆ, ಕಚೇರಿಯಲ್ಲಿ ಲೆಕ್ಕ ಬರೆಯುವ ರೈಟರ್, ಆಳುಗಳ ಮೇಲೆ ಮೇಸ್ತ್ರಿ, ಲೈನ್ ಮನೆಗಳಲ್ಲಿ ನಾಲ್ಕೈದು ಭಾಷೆಯ ಆಳುಗಳು. ಅಲ್ಲಿ ನಾನು ನೋಡಿದ ಜ್ವರ, ಭೇದಿ, ಕತ್ತಿಗಾಯಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಒಬ್ಬನಿಗೆ ಬೀಡಿ ಬಿಡಿಸಲು ಹೊರಟ ಆ ಒಂದು ವರ್ಷ ಮಾತ್ರ ಹಾಗೇ ಉಳಿದಿದೆ.

ಅವನು ಮರ ಕಪಾತಿನವನು. ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿದು, ಮಳೆಗಾಲಕ್ಕೆ ಮುಂಚೆ ಗಿಡಗಳಿಗೆ ಬೆಳಕು ಬಿಡುವ ಕೆಲಸ. ಒಂಟಿ ಬಿದಿರನ್ನು ಮರಕ್ಕೆ ಕಟ್ಟಿ, ಅದರ ಗಿಣ್ಣುಗಳ ಮೇಲೆ ಬರಿಗಾಲಿನ ಬೆರಳು ಊರಿ ಹತ್ತಬೇಕು. ಕತ್ತಿ ಸೊಂಟದಲ್ಲಿ, ಪ್ರಾಣ ಬೆರಳಲ್ಲಿ. ತೋಟದಲ್ಲಿ ಅವನಷ್ಟು ಎತ್ತರಕ್ಕೆ ಹೋಗುವವರು ಇನ್ನೊಬ್ಬರಿರಲಿಲ್ಲ, ಆ ಜಂಬ ನೆಲದ ಮೇಲೆ ನಡೆಯುವಾಗಲೂ ಅವನಲ್ಲಿ ಕಾಣುತ್ತಿತ್ತು. ಅಂಥವನು ಕಪಾತು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕುಂಟುತ್ತ ಬಂದು ಎಡಗಾಲಿನ ಕಿರುಬೆರಳು ತೋರಿಸಿದ. ಬೆರಳು ಒಣಗಿದ ಕಾಫಿ ಹಣ್ಣಿನ ಹಾಗೆ ಕಪ್ಪಾಗಿ ಸುಕ್ಕುಗಟ್ಟಿತ್ತು.

"ಏನೋ ಚುಚ್ಕಂಡಿರ್ಬೇಕು ಸ್ವಾಮಿ. ಒಸಿ ಎಣ್ಣೆ ಹಚ್ಚಿ ಕಟ್ಬಿಡಿ, ಹೋಯ್ತೀನಿ."

ಮುಳ್ಳೂ ಇಲ್ಲ, ಸಿಬಿರೂ ಇಲ್ಲ. ಆ ಪಾದ ಮುಟ್ಟಿದರೆ ತಣ್ಣಗೆ, ಇನ್ನೊಂದು ಪಾದ ಬೆಚ್ಚಗೆ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ ಎಂದ. ನನಗೆ ಇದು ನನ್ನ ಜಾಡಿಯ ಔಷಧಿಗೆ ಬಗ್ಗುವ ಕಾಯಿಲೆಯಲ್ಲ ಎನ್ನಿಸಿತು. ರೈಟರ್ ಹತ್ತಿರ ಜಗಳವಾಡಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಅವನನ್ನು ಮಡಿಕೇರಿಗೆ ಕರೆದುಕೊಂಡು ಹೋದೆ.

ಡಾಕ್ಟರು ಕಾಲನ್ನು ನೋಡುವ ಮೊದಲು ಅವನ ಕೈಬೆರಳ ಸಂದಿಯ ಹಳದಿ ಕಲೆ ನೋಡಿದರು. ದಿನಕ್ಕೆ ಎಷ್ಟು ಬೀಡಿ ಎಂದು ಕೇಳಿದರು. "ಲೆಕ್ಕ ಇಟ್ಟಿಲ್ಲ ಸ್ವಾಮಿ, ಎಚ್ಚರ ಇರೋವಷ್ಟೊತ್ತೂ," ಎಂದ. ಕಾಲಿನ ಕಿರುಬೆರಳು ತೆಗೆದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತ ಬರುವ ಕಾಯಿಲೆ ಇದು, ಹೊಗೆಸೊಪ್ಪೇ ಇದಕ್ಕೆ ಗೊಬ್ಬರ ಎಂದರು. "ಬೀಡಿ ಬಿಟ್ಟರೆ ಕಾಲು ಉಳಿಯಬಹುದು. ಬಿಡದಿದ್ದರೆ ಬೆರಳು, ಪಾದ, ಮೊಣಕಾಲು ಅಂತ ನಾನು ಮೇಲಕ್ಕೆ ಕಡೀತಾ ಹೋಗಬೇಕು. ನನ್ನ ಹತ್ತಿರ ಇದಕ್ಕೆ ಬೇರೆ ಔಷಧಿ ಇಲ್ಲ. ಬಿಡಿಸೋದು ನಿಮ್ಮ ಕೆಲಸ."

ಕಾಲಿನ ನಾಡಿ ನೋಡುವುದನ್ನೂ ಅವರೇ ಕಲಿಸಿದರು. ಪಾದದ ಮೇಲೆ ಒಂದು ಕಡೆ, ಗಣಕಾಲಿನ ಗಂಟಿನ ಹಿಂದೆ, ಒಳಬದಿಗೆ ಒಂದು ಕಡೆ. ಮೆಲ್ಲಗೆ ಬೆರಳಿಡಬೇಕು. ಒತ್ತಿ ಹಿಡಿದರೆ ನಮ್ಮ ಬೆರಳ ತುದಿಯ ಬಡಿತವೇ ನಮಗೆ ಕೇಳಿಸಿ, ಸತ್ತ ಕಾಲಿನಲ್ಲೂ ನಾಡಿ ಇದ್ದ ಹಾಗೆ ತೋರುತ್ತದೆ. ಅನುಮಾನ ಬಂದರೆ ಇನ್ನೊಂದು ಕೈಯನ್ನು ನಮ್ಮ ಕತ್ತಿನ ನಾಡಿಯ ಮೇಲಿಟ್ಟು ನೋಡಬೇಕು. ಎರಡೂ ಒಟ್ಟಿಗೆ ಬಡಿದರೆ ಅದು ರೋಗಿಯದಲ್ಲ, ನಮ್ಮದು.

ತೋಟಕ್ಕೆ ವಾಪಸಾದಾಗ ಮಳೆ ಹಿಡಿದಿತ್ತು. ಅವನಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಲು ಹೋದರೆ ಮರ ಹೋಯಿತು, ಮರ ಹೋದರೆ ಕಪಾತಿನವನ ಕೂಲಿ ಹೋಯಿತು, ಲೈನ್ ಮನೆಯೂ ಹೋಯಿತು. ಅವನು ಗಂಭೀರವಾಗಿ ಕೇಳಿಸಿಕೊಂಡ. ಅರ್ಧ ಕಟ್ಟು ಬೀಡಿಯನ್ನು ನನ್ನ ಮೇಜಿನ ಮೇಲೆ ಇಟ್ಟು, "ತಕಳಿ, ಬಿಟ್ಟೆ," ಎಂದ. ಇಷ್ಟೇನಾ ಎಂದುಕೊಂಡೆ ನಾನು. ಬೀಡಿ ಬಿಡುವುದೆಂದರೆ ಒಂದು ವಸ್ತುವನ್ನು ಕೆಳಗಿಡುವುದು ಎಂದು ತಿಳಿದಿದ್ದ ಕಾಲ ಅದು.

ಎರಡು ದಿನಕ್ಕೇ ತಕರಾರು ಶುರುವಾಯಿತು. ಬೆಳಿಗ್ಗೆ ಬೀಡಿ ಹಚ್ಚದಿದ್ದರೆ ಹೊರಕಡೆಗೆ ಆಗುವುದಿಲ್ಲವಂತೆ. ಹೊಟ್ಟೆ ಕಲ್ಲಾಗಿದೆ ಎಂದು ಹಿಡಿದುಕೊಂಡು ಬಂದ. ಸೋನಾಮುಖಿ ಕಷಾಯ ಕೊಟ್ಟೆ. ಅದು ಸರಿಹೋಗುವಷ್ಟರಲ್ಲಿ ಕೆಮ್ಮು. ಬೀಡಿ ಸೇದುವಾಗ ಇಲ್ಲದ ಕೆಮ್ಮು ಬಿಟ್ಟ ಮೇಲೆ ಬಂದು, ಕಫ ಕಪ್ಪಗೆ ಬೀಳತೊಡಗಿತು. ಎದೆ ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ, ಒಳ್ಳೆಯದೇ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಇದ್ದ ರೋಗಕ್ಕೆ ಇನ್ನೊಂದು ಸೇರಿಸಿ ಅದನ್ನೂ ಒಳ್ಳೆಯದು ಎನ್ನುವವನನ್ನು ಯಾರು ನಂಬುತ್ತಾರೆ.

ಹೆಂಡತಿ ಬೇರೆ ಬಂದಳು. ಅವಳು ಕಳೆ ಕೀಳುವ ಗುಂಪಿನವಳು, ಗಟ್ಟಿಗಿತ್ತಿ. "ಅವ್ನ ಕಾಲು ಉಳೀತದೆ ಸ್ವಾಮಿ, ನಾನ್ ಉಳಿಯಲ್ಲ," ಎಂದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಡಕೆಯನ್ನೇ ಎತ್ತಿ ಹೊರಗೆ ಎಸೆದಿದ್ದನಂತೆ. ಆಮೇಲೆ ಒಡೆದ ಮಡಕೆಯ ಮುಂದೆ ಕೂತು ಅತ್ತನಂತೆ. "ಮದ್ವೆ ಆದಾಗ್ನಿಂದ ಅವ್ನು ಅತ್ತಿದ್ದು ನೋಡಿಲ್ಲ. ಇದೇನ್ ಔಷಧಿ ಕೊಟ್ರಿ ನೀವು?"

"ಔಷಧಿ ಎಂತದೂ ಇಲ್ಲ. ಸ್ವಲ್ಪ ದಿನ ತಡ್ಕೊ. ಸಿಟ್ಟು ಇಳೀತದೆ," ಎಂದೆ.

"ಹೂಂ, ತಡ್ಕತೀನಿ. ಮಡಕೆ ನೀವ್ ಕೊಡ್ಸಿ," ಎಂದು ಹೋದಳು.

ಸಿಟ್ಟು ಇಳಿಯಿತು, ಹಸಿವು ಏರಿತು. ಎಷ್ಟು ಉಂಡರೂ ಸಾಲದು. ಮುಖ ತುಂಬಿಕೊಂಡಿತು, ಹೊಟ್ಟೆ ಮುಂದೆ ಬಂತು. ಬೇರೆಯವರಾದರೆ ಮೈ ಕೈ ತುಂಬಿಕೊಂಡಿತೆಂದು ಸಂತೋಷಪಡುತ್ತಿದ್ದರು, ಇವನಿಗೆ ಜೀವಭಯ. "ನಿಮಗೇನ್ ಗೊತ್ತು ಸ್ವಾಮಿ? ನಾನ್ ಕಾಲಿಡೋ ಕೊಂಬೆಗೆ ನನ್ ತೂಕ ಗೊತ್ತೈತೆ. ಮೈ ಬಂದ್ರೆ ಅದು ತಡಿಯಾಕಿಲ್ಲ." ಇದಕ್ಕೆ ನನ್ನ ಔಷಧಿ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಕಪಾತಿಗೆ ಇನ್ನೂ ಬಹಳ ತಿಂಗಳಿವೆ, ಅಷ್ಟರಲ್ಲಿ ಇಳಿಯುತ್ತದೆ ಎಂದು ಬಾಯಿಗೆ ಬಂದದ್ದು ಹೇಳಿದೆ.

ಜಿಗಣೆಗೆ ಬೀಡಿ ಬೇಕೇ ಬೇಕು ಎಂಬ ಅವನ ಮಾತು ಮಾತ್ರ ಪೂರ್ತಿ ಸರಿ. ಮಳೆಗಾಲದ ತೋಟದಲ್ಲಿ ಕಾಲಿಗೆ ಹತ್ತಿದ ಜಿಗಣೆಗೆ ಉರಿಯುವ ಬೀಡಿಯ ತುದಿ ಮುಟ್ಟಿಸಿದರೆ ಉದುರಿ ಬೀಳುತ್ತದೆ. ಆ ಕಾಲಿನ ಮೇಲೆ ಒಂದು ಗಾಯವೂ ಆಗಬಾರದು, ಆದದ್ದು ವಾಸಿಯಾಗುವುದಿಲ್ಲ. ಹರಳೆಣ್ಣೆಯಲ್ಲಿ ಸುಣ್ಣ ಕಲಸಿ ಹಚ್ಚಿ, ಮೇಲೆ ಬಟ್ಟೆ ಸುತ್ತಿ, ಜಿಗಣೆ ಹತ್ತಿದರೆ ತಾಗಿಸಲು ಒಂದು ಉಪ್ಪಿನ ಗಂಟು ಕೊಟ್ಟು ಕಳಿಸುತ್ತಿದ್ದೆ. ಸಂಜೆ ಬಂದರೆ ಬಟ್ಟೆ ಬಿಚ್ಚಿ, ಬಿಸಿನೀರಿನಲ್ಲಿ ಅಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದಿ ಒರಸಿ, ಬೋರಿಕ್ ಪುಡಿ ಉದುರಿಸಿ, ಹತ್ತಿ ಸುತ್ತುವುದು. ಆಮೇಲೆ ಮಂಚದ ಮೇಲೆ ಮಲಗಿಸಿ ಕಾಲನ್ನು ದಿಂಬಿನ ಮೇಲೆತ್ತಿ ಬಿಳಿಚಿಕೊಳ್ಳುವ ತನಕ ಹಿಡಿಯುವುದು, ಕೆಳಗೆ ಇಳಿಬಿಟ್ಟು ಕೆಂಪಾಗುವ ತನಕ ಕಾಯುವುದು, ಮತ್ತೆ ಸಮ ಮಾಡಿ ಹೊದಿಸುವುದು. ರಕ್ತಕ್ಕೆ ಹೊಸ ದಾರಿ ತೆರೆಯಲಿ ಎಂದು ಡಾಕ್ಟರು ಹೇಳಿಕೊಟ್ಟ ಕಸರತ್ತು ಇದು. ನನಗೂ ಬೇಸರ, ಅವನಿಗೂ ಬೇಸರ. ಒಂದು ದಿನ ಮಲಗಿದ್ದಲ್ಲಿಂದಲೇ ನನ್ನ ನಶ್ಯದ ಡಬ್ಬಿ ನೋಡಿ, "ಮೂಗಿನ ದಾರೀಲಿ ಹೋದ್ರೆ ಕಾಲಿಗೆ ಬರಾಕಿಲ್ವೇನೋ," ಎಂದ. ಡಬ್ಬಿ ತೆಗೆದು ಕಪಾಟಿನೊಳಗಿಟ್ಟು ಬೀಗ ಹಾಕಿದೆ. ಬೀಗದ ಕೈ ಎಲ್ಲಿದೆ ಎಂಬುದೊಂದೇ ಆ ವಾರವೆಲ್ಲ ನನ್ನ ಯೋಚನೆ. ಆಗ ಅವನ ಮಡಕೆ ನನಗೆ ಸ್ವಲ್ಪ ಅರ್ಥವಾಯಿತು.

ಮಳೆ ಹಿಂದೆಗೆಯುವ ಹೊತ್ತಿಗೆ ಬೆರಳು ಕಡಿದ ಜಾಗ ಮುಚ್ಚಿತು. ಪಾದ ಬೆಚ್ಚಗಾಯಿತು. ಒಂದು ಸಂಜೆ ಗಣಕಾಲಿನ ಹಿಂದೆ ಬೆರಳಿಟ್ಟಾಗ ಸಣ್ಣಗೆ ಏನೋ ಮಿಡಿಯಿತು. ಇನ್ನೊಂದು ಕೈಯನ್ನು ನನ್ನ ಕತ್ತಿಗೆ ಇಟ್ಟು ನೋಡಿದೆ. ಎರಡೂ ಬೇರೆ ಬೇರೆ ತಾಳ. ಅದು ಅವನದೇ. ನನಗಾದ ಸಂತೋಷವನ್ನು ಹೇಳಲಾರೆ. ಅವನ ಭುಜಕ್ಕೆ ಗುದ್ದಿ, "ಉಂಟು ಮಾರಾಯ, ನಾಡಿ ಉಂಟು," ಎಂದೆ. ಅವನು ಎದ್ದು ಕೂತು ತನ್ನ ಕಾಲನ್ನೇ ಹೊಸಬರನ್ನು ನೋಡುವ ಹಾಗೆ ನೋಡಿದ.

ಹೊಟ್ಟೆ, ಕೆಮ್ಮು, ಸಿಟ್ಟು, ಜಿಗಣೆ ಎಲ್ಲವನ್ನೂ ದಾಟಿದ ಮೇಲೆ ಅವನು ಆ ದಿನ ಕೊನೆಯ ಒಂದು ಮಾತು ಹೇಳಿದ. ಇಷ್ಟು ದಿನ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ, ಹೇಳುವಂಥದ್ದು ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ.

"ಎಲ್ಲಾ ತಡ್ಕಬೋದು ಸ್ವಾಮಿ. ಕೂರಕ್ಕಾಗಾಕಿಲ್ವಲ್ಲ, ಅದೊಂದೇ."

ತೋಟದಲ್ಲಿ ಊಟದ ಹೊತ್ತು ಬಿಟ್ಟರೆ ಕೂರುವ ಹಾಗಿರಲಿಲ್ಲ. ಬೀಡಿಗೆ ಮಾತ್ರ ವಿನಾಯಿತಿ. ಆಳು ಕೂತಿದ್ದು ಕೈಯಲ್ಲಿ ಬೀಡಿ ಉರಿಯುತ್ತಿದ್ದರೆ ಮೇಸ್ತ್ರಿ ನೋಡಿಯೂ ನೋಡದವನ ಹಾಗೆ ಮುಂದೆ ಹೋಗುತ್ತಾನೆ. ಬೀಡಿ ಆರಿದರೆ ಏಳಬೇಕು. ಹೆಂಗಸರಿಗೆ ಎಲೆ ಅಡಿಕೆ ಹಾಕುವಷ್ಟು ಹೊತ್ತು. ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ದೊರೆಗಳ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಇವನ ಕಾಯಿಲೆಯೋ, ಸ್ವಲ್ಪ ನಡೆದರೆ ಮೀನಖಂಡ ಹಿಡಿದು ಕೂರಲೇಬೇಕಾದ ಕಾಯಿಲೆ. ಬೀಡಿ ಸೇದುವಾಗ ಕೂತು ಕೂತು ನಿಭಾಯಿಸುತ್ತಿದ್ದವನಿಗೆ ಬೀಡಿ ಬಿಟ್ಟ ಮೇಲೆ ಕೂರಲು ಕಾರಣವೇ ಇಲ್ಲ. ಬರಿಗೈಯಲ್ಲಿ ಕೂತರೆ ಮೇಸ್ತ್ರಿ, ಮಂಗಳೂರು ಕಡೆಯವನು, ದೂರದಿಂದಲೇ ಕೂಗುತ್ತಿದ್ದ. "ಯಾಕೆ ಕೂತದ್ದು? ಬೀಡಿ ಎಲ್ಲಿ ಉಂಟು?" ಇವನು ಹಚ್ಚದ ಬೀಡಿಯನ್ನು ಬೆರಳ ಮಧ್ಯೆ ಹಿಡಿದು ಕೂತೂ ನೋಡಿದ್ದನಂತೆ. ಮೇಸ್ತ್ರಿ ಹತ್ತಿರ ಬಂದು ಬಗ್ಗಿ ನೋಡಿ, ಹೊಗೆ ಇಲ್ಲ ಎಂದು ಎಬ್ಬಿಸಿದ್ದನಂತೆ.

ನನಗೆ ತಲೆ ಕೆಟ್ಟಿತು. ಮೇಸ್ತ್ರಿಯನ್ನು ಹಿಡಿದು ಕೇಳಿದರೆ ರೈಟರನ್ನು ತೋರಿಸಿದ, ರೈಟರ್ ಬಂಗಲೆಯನ್ನು ತೋರಿಸಿದ. ಹಣ್ಣು ಕೊಯ್ಯುವ ಕಾಲ ಹತ್ತಿರ ಬರುತ್ತಿತ್ತು, ಮೂಟೆ ಹೊರುವ ಕಾಲ, ಅದರಲ್ಲಿ ಇವನು ಕೂರದೆ ಉಳಿಯಲಾರ. ನೇರ ದೊರೆಯ ಹತ್ತಿರವೇ ಹೋಗುವುದೆಂದು ತೀರ್ಮಾನ ಮಾಡಿದೆ. ಕಾಂಪೌಂಡರ್ ಕರೆಯದೆ ಬಂಗಲೆಗೆ ಹೋಗುವುದು ಸಣ್ಣ ವಿಷಯವಲ್ಲ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡೆ.

ದೊರೆ ವೆರಾಂಡದಲ್ಲಿ ಪೈಪ್ ಸೇದುತ್ತಿದ್ದ. ಕೆಟ್ಟವನಲ್ಲ, ಆಸ್ಪತ್ರೆಗೆ ಕೇಳಿದ್ದನ್ನು ತರಿಸಿಕೊಡುತ್ತಿದ್ದ. ನಾನು ಕಾಯಿಲೆ, ನಾಡಿ, ಬೀಡಿ, ಕೂರುವುದು ಎಲ್ಲವನ್ನೂ ಹೇಳಿದೆ. ಅವನೊಬ್ಬನಿಗೆ ಬೀಡಿ ಇಲ್ಲದೆಯೂ ಕೂರಲು ಅಪ್ಪಣೆ ಆಗಬೇಕು ಎಂದೆ. ದೊರೆ ಗಮನವಿಟ್ಟು ಕೇಳಿ ತನ್ನ ತುಂಡು ಕನ್ನಡದಲ್ಲಿ ಕೇಳಿದ.

"ಬೀಡಿ ಕಾಲು ಕೆಡಿಸುತ್ತೆ?"

"ಕೆಡಿಸ್ತದೆ ದೊರೆ."

"ಬೇರೆ ಆಳು? ಅವರಿಗೂ ಕೆಟ್ಟದು?"

ಏನು ಹೇಳಲಿ. ನಿಜವನ್ನೇ ಹೇಳಿದೆ. "ಯಾರಿಗೂ ಒಳ್ಳೇದಲ್ಲ ದೊರೆ."

"ಗುಡ್. ನಾನು ಸರಿ ಮಾಡುತ್ತೆ," ಎಂದ. ನಾನು ಕೈಮುಗಿದು, ಹಾರುತ್ತ ಇಳಿದು ಬಂದೆ.

ಮರುದಿನ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿನಲ್ಲಿ ರೈಟರ್ ಹೊಸ ಅಪ್ಪಣೆ ಓದಿದ. ಆ ದಿನದಿಂದ ಕೆಲಸದ ಹೊತ್ತಿನಲ್ಲಿ ಯಾರೂ ಬೀಡಿಗೆಂದು ಕೂರುವ ಹಾಗಿಲ್ಲ. ಬೀಡಿಯಿಂದ ಕಾಲು ಕೊಳೆಯುತ್ತದೆ ಎಂದು ಕಾಂಪೌಂಡರ್ ತಿಳಿಸಿದ್ದಾರೆ. ನಾನು ಅಲ್ಲಿರಲಿಲ್ಲ. ಕೈ ಕುಯ್ದುಕೊಂಡು ಬಂದ ಒಬ್ಬ ಹೆಂಗಸು ಕಟ್ಟು ಕಟ್ಟಿಸಿಕೊಳ್ಳುತ್ತ ನನ್ನ ಮುಖ ನೋಡದೆ ಇದನ್ನು ಹೇಳಿದಳು. ಅದೇ ಕೋಟಿನಲ್ಲಿ ಮತ್ತೆ ಬಂಗಲೆಗೆ ಓಡಿದೆ. ನಾನು ಕೇಳಿದ್ದು ಒಬ್ಬನಿಗೆ ಕೂರಲು, ಎಲ್ಲರನ್ನೂ ಎಬ್ಬಿಸಲು ಅಲ್ಲ ಎಂದೆ. ದೊರೆಗೆ ಆಶ್ಚರ್ಯ. "ನೀನು ಹೇಳಿದ್ದು, ಯಾರಿಗೂ ಒಳ್ಳೇದಲ್ಲ." ಒಬ್ಬನನ್ನು ಕೂರಿಸಿದರೆ ಎಲ್ಲರೂ ಕೂರುತ್ತಾರೆ ಎಂದು ಪಕ್ಕದಲ್ಲಿದ್ದ ರೈಟರ್ ಸೇರಿಸಿದ. ಬೆಳಿಗ್ಗೆಯಿಂದಲೇ ಕೆಲಸ ಮುಂಚಿಗಿಂತ ಚುರುಕಾಗಿ ಸಾಗುತ್ತಿದೆ ಎಂದು ರೈಟರಿಗೆ ಖುಷಿ.

ಅಪ್ಪಣೆ ಮಾಡಿದವನು ದೊರೆ, ಓದಿದವನು ರೈಟರ್, ಎಬ್ಬಿಸುವವನು ಮೇಸ್ತ್ರಿ. ಲೈನಿನವರ ಸಿಟ್ಟು ಇವರ್ಯಾರ ಮೇಲೂ ಬೀಳಲಿಲ್ಲ, ನನ್ನ ಮೇಲೆ ಬಿತ್ತು. ನನ್ನ ಮೇಲಿನ ಸಿಟ್ಟನ್ನು ನನ್ನ ಎದುರು ತೋರಿಸುವ ಹಾಗಿಲ್ಲ, ಜ್ವರ ಬಂದರೆ ನಾನೇ ಬೇಕು. ಹಾಗಾಗಿ ಅದು ಪೂರ್ತಿ ಇವನ ಮೇಲೆ ಹೋಯಿತು. ನಿನ್ನ ಒಂದು ಬೆರಳಿಗೆ ನಮ್ಮೆಲ್ಲರ ಸೊಂಟ ಮುರಿಯಿತು ಎಂದರು. ಮೂಟೆ ತಲೆಗೆ ಎತ್ತಿಕೊಡಲು ಯಾರೂ ಬರಲಿಲ್ಲ. ಇಷ್ಟಾದರೂ ಅವನು ಬೀಡಿ ಮುಟ್ಟಲಿಲ್ಲ. ದಿನಾ ಸಂಜೆ ಬಂದು ಮಂಚದ ಮೇಲೆ ಮಲಗಿ ತಾನೇ ಕಾಲು ಎತ್ತುತ್ತಿದ್ದ. ನಾಡಿ ನೋಡುತ್ತಿದ್ದೆ, ಇರುತ್ತಿತ್ತು.

ಆಮೇಲೆ ಕೆಂಡ ನಿಂತಿತು. ಲೈನ್ ಮನೆಗಳಲ್ಲಿ ಬೆಳಿಗ್ಗೆ ಒಲೆ ಹೊತ್ತಿಸಲು ಬೆಂಕಿಪೆಟ್ಟಿಗೆ ಗೀರುವವರು ಇಲ್ಲ. ಯಾರ ಒಲೆ ಮೊದಲು ಹೊತ್ತಿದೆಯೋ ಅಲ್ಲಿಂದ ಸೌಟಿನಲ್ಲಿ ಒಂದು ಕೆಂಡ ತರುವುದು. ಜಾತಿ ಭಾಷೆ ನೋಡದೆ ಕೊಡುವುದು ಅದೊಂದನ್ನೇ. ಇವನ ಹೆಂಡತಿ ಸೌಟು ಹಿಡಿದು ಹೋದರೆ ನಮ್ಮದೂ ಆರಿದೆ ಎನ್ನತೊಡಗಿದರು, ಹಿಂದೆ ಒಲೆ ಉರಿಯುತ್ತಿರುವುದು ಕಾಣುತ್ತಿದ್ದರೂ. ಆಸ್ಪತ್ರೆಯ ಸ್ಪಿರಿಟ್ ದೀಪದಿಂದ ನಾನು ಹೊತ್ತಿಸಿಕೊಟ್ಟೆ. ಬೆಂಕಿಪೆಟ್ಟಿಗೆಯನ್ನೂ ಕೊಟ್ಟೆ. "ಬೆಂಕಿ ಐತೆ ಸ್ವಾಮಿ," ಎಂದಳು, "ಬೆಂಕಿಗಲ್ಲ ನಾನ್ ಹೋಗದು." ಆ ಗಟ್ಟಿಗಿತ್ತಿ ಅಳುವುದನ್ನು ನಾನು ಆಗ ನೋಡಿದೆ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಳು. ಮುಖ ಬೇರೆಯೇ ಆಗಿತ್ತು.

"ಇವತ್ತು ಕೆಂಡ ಕೊಟ್ರು ಸ್ವಾಮಿ."

"ಯಾರು?"

"ಎಲ್ರೂವೆ. ಪಕ್ಕದ್ಮನೆಯೋಳು ತಾನೇ ತಂದ್ ಹಾಕಿದ್ಲು."

ನನಗೆ ಖುಷಿಯಾಗಲಿಲ್ಲ. "ನಿನ್ನ ಗಂಡ ಎಲ್ಲಿ?" ಎಂದೆ. ಅವಳು ಸೆರಗಿನ ತುದಿ ಸುತ್ತುತ್ತ ಹೇಳಿದಳು. ಹಿಂದಿನ ದಿನ ಸಂಜೆ ಲೈನಿನ ಹಿಂದೆ ಗಂಡಸರು ಬೆಂಕಿಗೆ ಮೈ ಕಾಯಿಸುತ್ತ ಕೂತಿದ್ದರಂತೆ. ಅವನು ಹೋಗಿ ದೂರ ನಿಂತಿದ್ದನಂತೆ. ಸೇದುತ್ತಿದ್ದ ಬೀಡಿಯನ್ನು ಒಬ್ಬ ಅವನ ಕಡೆ ಚಾಚಿದನಂತೆ. ಉಳಿದವರು ಮಾತು ನಿಲ್ಲಿಸಿ ನೋಡಿದರಂತೆ.

"ಇಸ್ಕಂಡ," ಎಂದಳು. "ಜಾಗ ಬುಟ್ರು. ಕೂತ್ಕಂಡ."

ನಾನು ಬೈಯಬೇಕೆಂದಿದ್ದೆ. ಅವಳೇ, "ನಾನ್ ಕಂಡೆ, ತಡೀಲಿಲ್ಲ," ಎಂದು ಹೇಳಿ ಗುಂಪು ಸೇರಿಕೊಳ್ಳಲು ಓಡಿದಳು.

ಅಲ್ಲಿಂದ ಮುಂದಿನದು ಇಳಿಜಾರು. ಅವನು ಸಂಜೆ ಬರುವುದು ತಪ್ಪಿಸತೊಡಗಿದ. ನಾನೇ ಲೈನಿಗೆ ಹೋದರೆ ಕಾಲು ಚಾಚುತ್ತಿದ್ದ, ಬಾಯಿ ಮುಚ್ಚಿಕೊಂಡು, ವಾಸನೆ ಬರದ ಹಾಗೆ. ನಾಡಿ ಮೊದಲು ಪಾದದ ಮೇಲೆ ಹೋಯಿತು, ಆಮೇಲೆ ಗಣಕಾಲಿನ ಹಿಂದೆ. ಮತ್ತೆ ಬಿಡಿಸಲು ನೋಡಿದೆ. ಸೋನಾಮುಖಿ, ಬೆಲ್ಲ, ಬೈಗುಳ, ಕಾಲಿಗೆ ಬೀಳುವುದೊಂದು ಬಾಕಿ. ಎರಡು ಮೂರು ದಿನ ಬಿಡುತ್ತಿದ್ದ, ಮತ್ತೆ ಹಚ್ಚುತ್ತಿದ್ದ. "ಒಂದ್ಸಲ ಬಿಟ್ಟವ್ನಿಗೆ ಎರಡ್ನೇ ಸಲ ಸಲೀಸು ಅಂದ್ರಿ. ಅಲ್ಲ ಸ್ವಾಮಿ. ಮೊದ್ಲು ಏನೂ ಗೊತ್ತಿರ್ಲಿಲ್ಲ. ಈಗ ಎಲ್ಲಾ ಗೊತ್ತೈತೆ," ಎಂದ. ಕಪಾತು ಶುರುವಾದಾಗ ಬೇಡ ಬೇಡವೆಂದರೂ ಬಿದಿರು ಹತ್ತಿದ. ಬೆರಳು ಊರಿದಲ್ಲಿ ಗಿಣ್ಣು ತರಚಿತು. ಅಷ್ಟು ಸಾಕಾಯಿತು.

ಪರ್ಮಾಂಗನೇಟ್ ನೀರು, ಅಯೊಡೋಫಾರ್ಮ್, ದಿನಕ್ಕೆರಡು ಸಲ ಕಟ್ಟು. ಗಾಯ ಒಂದಿಷ್ಟೂ ಕೂಡಲಿಲ್ಲ. ಪಾದ ಕಪ್ಪಾಗುತ್ತ ಮೇಲೇರಿತು. ನೋವಿಗೆ ಮಲಗಲಾರದೆ ಕಾಲನ್ನು ಮಂಚದಿಂದ ಇಳಿಬಿಟ್ಟು ಕೂತೇ ಇರುತ್ತಿದ್ದ. ಮತ್ತೆ ಗಾಡಿ, ಮತ್ತೆ ಮಡಿಕೇರಿ. ಡಾಕ್ಟರು ಕಟ್ಟು ಬಿಚ್ಚಿ ನೋಡಿ, "ಬಿಡಿಸಲಿಲ್ಲವಾ?" ಎಂದರು.

"ಬಿಡಿಸಿದ್ದೆ," ಎಂದೆ.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಗಾಯ ಮಾಯುವ ತನಕ ಅವನು ಅಲ್ಲೇ ಇದ್ದ. ಅಷ್ಟರಲ್ಲಿ ನಮ್ಮ ದೊರೆ ರಜೆಯ ಮೇಲೆ ಹಡಗು ಹತ್ತಿ ತನ್ನ ದೇಶಕ್ಕೆ ಹೋಗಿ, ಬದಲಿಗೆ ಇನ್ನೊಬ್ಬ ಬಂದ. ಹೊಸಬನಿಗೆ ಹಳೆಯ ಅಪ್ಪಣೆಗಳ ಗೊಡವೆ ಇರಲಿಲ್ಲ. ಮಳೆ ಬಿದ್ದು ಜಿಗಣೆ ಎದ್ದ ಕೂಡಲೇ ಒಬ್ಬ ಬೀಡಿ ಹಚ್ಚಿ ಕೂತ, ಮೇಸ್ತ್ರಿ ನೋಡಿ ಸುಮ್ಮನೆ ಮುಂದೆ ಹೋದ. ಮರುದಿನದಿಂದ ಎಲ್ಲರೂ ಕೂತರು. ಯಾರೂ ಅಪ್ಪಣೆಯನ್ನು ರದ್ದು ಮಾಡಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಅವನು ಬಗಲಿಗೆ ಕೋಲು ಕೊಟ್ಟುಕೊಂಡು ವಾಪಸ್ ಬಂದ. ಹೆಂಡತಿಯ ಕೂಲಿಯಿಂದ ಲೈನ್ ಮನೆ ಸದ್ಯಕ್ಕೆ ಉಳಿದಿತ್ತು. ಹಗಲೆಲ್ಲ ಆಸ್ಪತ್ರೆಯ ಮುಂದಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದ. ಮಡಿಕೇರಿಯಿಂದ ಬಂದ ಮೇಲೆ ಬೀಡಿ ಮುಟ್ಟಿರಲಿಲ್ಲ. ಇದನ್ನು ಅವನು ಹೇಳಿದಾಗ ನಾನು ನಂಬಲಿಲ್ಲ, ಹೆಂಡತಿ ಹೇಳಿದಾಗ ನಂಬಿದೆ. ಕೆಂಡಕ್ಕೆ ತೊಂದರೆ ಇರಲಿಲ್ಲ. ಕಾಲಿಲ್ಲದವನ ಮನೆಗೆ ಕೊಡದೆ ಇರುತ್ತಾರೆಯೇ.

ಒಂದು ದಿನ ಕಳೆ ಗುಂಪಿನೊಂದಿಗೆ ಮೇಸ್ತ್ರಿ ಬೆಂಚಿನ ಮುಂದೆಯೇ ಹಾದು ಹೋದ. ಇವನನ್ನು ನೋಡಿ ತಲೆಯಾಡಿಸಿ ಹೋದ.

"ನೋಡಿದ್ರಾ ಸ್ವಾಮಿ," ಎಂದ ಅವನು. "ಈಗ ಬರಿಗೈಯಾಗೆ ಕೂತ್ರೂ ಯಾರೂ ಏನೂ ಅನ್ನಾಕಿಲ್ಲ."

ಅವನು ಉಳಿದ ಕಾಲನ್ನು ಬೆಂಚಿನ ಮೇಲೆ ಎತ್ತಿ ಇಟ್ಟ. "ಇದನ್ನೊಸಿ ನೋಡಿ. ರಾತ್ರಿಯಿಂದ ತಣ್ಣಗೈತೆ. ಮಳೆಗೋ ಏನೋ."

ಪಾದದ ಮೇಲೆ ಬೆರಳಿಟ್ಟೆ, ಮೆಲ್ಲಗೆ. ಏನೂ ಇಲ್ಲ. ಗಣಕಾಲಿನ ಹಿಂದೆ ಇಟ್ಟೆ. ಇಲ್ಲ. ಇನ್ನಷ್ಟು ಒತ್ತಿದೆ. ಈಗ ಬಡಿಯಿತು, ಸ್ಪಷ್ಟವಾಗಿ. ಎಡಗೈ ತಾನಾಗಿಯೇ ನನ್ನ ಕತ್ತಿಗೆ ಹೋಯಿತು. ಎರಡೂ ಒಟ್ಟಿಗೆ ಬಡಿಯುತ್ತಿದ್ದವು.

ಅವನು ನನ್ನ ಮುಖ ನೋಡುತ್ತಿದ್ದ. "ಐತಾ ಸ್ವಾಮಿ?"

ಬೆರಳು ತೆಗೆಯಲಿಲ್ಲ.

"ಉಂಟು," ಎಂದೆ.